ಮಳೆ ಲೆಕ್ಕ ಬರೆಯೋರ ಸಂಬಳಕ್ಕೆ ದಾನಿಗಳನ್ನ ಹುಡುಕೋದು ಹೇಗೆ

ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ಮಳೆ ಮಾಪಕ ಕೊಡಿಸೋರು ಸಿಗ್ತಾರೆ, ಅದರ ಪಕ್ಕ ಬೋರ್ಡ್ ನೆಟ್ಟು ಫೋಟೋ ಹೊಡೆಸ್ಕೊಳ್ಳೋರೂ ಸಿಗ್ತಾರೆ, ಆದ್ರೆ ದಿನಾ ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡ್ಕೊಂಡು, ಕಾಲಿಗೆ ಇಂಬಳ ಹತ್ತಿಸ್ಕೊಂಡು ಹೋಗಿ ಅದನ್ನ ಓದಿ ಬರೆದಿಡೋ ಮನುಷ್ಯನಿಗೆ ಮೂರು ವರ್ಷ ದುಡ್ಡು ಕೊಡಿ ಅಂದ್ರೆ ಎಲ್ಲರೂ ಮುಖ ಮುಖ ನೋಡ್ಕೋತಾರೆ. ನಾನು ಮಲೆನಾಡಿನ ಒಂದು ಸಣ್ಣ ಟ್ರಸ್ಟ್ ಜೊತೆ ಸೇರ್ಕೊಂಡು ಮಳೆ, ಹಳ್ಳದ ನೀರು, ತೋಟದ ರೋಗ ಇವುಗಳ ಲೆಕ್ಕ ಇಡೋ ಕೆಲಸಕ್ಕೆ ಕೆಲವು ವರ್ಷದಿಂದ ದುಡ್ಡು ಹೊಂದಿಸ್ತಾ ಇದೀನಿ, ಸಿಕ್ಕಿದ್ದಕ್ಕಿಂತ ಇಲ್ಲ ಅನ್ನಿಸ್ಕೊಂಡಿದ್ದೇ ಜಾಸ್ತಿ. ಊರ ಮಟ್ಟದ, ತಾಲೂಕು ಮಟ್ಟದ ಹವಾಮಾನ ಸಂಶೋಧನೆಗೆ ದಾನಿಗಳ ಹತ್ರ ಹೋಗೋರಿಗೆ ನಾವು ಎಡವಿ ಕಲಿತಿದ್ದು ಏನೇನು ಅಂತ ಇಲ್ಲಿ ಬರೀತಿದೀನಿ. ಇಡೀ ಬರಹ ಆ ಮಾಪಕ ಓದೋರ ಸಂಬಳದ ಸುತ್ತಾನೇ ಸುತ್ತುತ್ತೆ, ಯಾಕಂದ್ರೆ ಅದೊಂದು ಹೊಂದಿದ್ರೆ ಉಳಿದಿದ್ದು ಹೆಂಗೋ ಹೊಂದುತ್ತೆ.

ಪ್ರಶ್ನೆನ ಊರಿಗೆ ಇಳಿಸಿ

"ಹವಾಮಾನ ಬದಲಾವಣೆ ಕುರಿತು ಸಂಶೋಧನೆ" ಅಂತ ಪತ್ರದ ಮೇಲೆ ಬರೆದ್ರೆ ಆ ಪತ್ರ ಅಲ್ಲಿಗೇ ಸತ್ತಂಗೆ. ಓದೋರಿಗೆ ಹಿಮಕರಡಿ ನೆನಪಾಗುತ್ತೆ, ನಿಮ್ಮೂರಲ್ಲ. ಜೊತೆಗೆ "ಇದನ್ನೆಲ್ಲ ಹವಾಮಾನ ಇಲಾಖೆ ಮಾಡ್ತಿದೆಯಲ್ಲ, ನೀವ್ಯಾಕೆ?" ಅಂತಾನೂ ಕೇಳ್ತಾರೆ. ನ್ಯಾಯವಾದ ಪ್ರಶ್ನೆನೇ, ಉತ್ತರ ಇಟ್ಕೊಂಡೇ ಹೋಗಿ. ಭಾರತೀಯ ಹವಾಮಾನ ಇಲಾಖೆ 1901ರಿಂದ ಈಚೆಗಿನ ದಿನದಿನದ ಮಳೆಯನ್ನ ಕಾಲು ಡಿಗ್ರಿ ಚೌಕಗಳಲ್ಲಿ ಕೊಡುತ್ತೆ, ಅಂದ್ರೆ ಒಂದೊಂದು ಚೌಕ ಅಂದಾಜು 25-28 ಕಿಲೋಮೀಟರ್ ಅಗಲ. ಬಯಲುಸೀಮೆಗೆ ಅದು ಸಾಕಾಗಬಹುದು. ಘಟ್ಟದಲ್ಲಿ ಆಗಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಬೀಳೋ ಮಳೆ ತೀರ್ಥಹಳ್ಳಿ ದಾಟಿ ಶಿವಮೊಗ್ಗಕ್ಕೆ ಬರೋ ಹೊತ್ತಿಗೆ ಸಾವಿರದ ಆಸುಪಾಸಿಗೆ ಇಳಿದಿರುತ್ತೆ, ದಾರಿ ನೂರು ಕಿಲೋಮೀಟರ್ ಕೂಡ ಇಲ್ಲ. ಗುಡ್ಡದ ಆ ಕಡೆ ಈ ಕಡೆಗೇ ಲೆಕ್ಕ ಬೇರೆ ಇರೋವಾಗ ಇಡೀ ಚೌಕಕ್ಕೆ ಒಂದೇ ನಂಬರ್ ಇಟ್ಕೊಂಡು ಯಾರ ತೋಟದ ಬಗ್ಗೆ ಮಾತಾಡೋದು? ರಾಜ್ಯ ಸರ್ಕಾರದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಯಲಹಂಕದಲ್ಲಿದೆ, ಅದು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಟೆಲಿಮೆಟ್ರಿ ಮಾಪಕ (ಲೆಕ್ಕವನ್ನ ತಾನೇ ದೂರಕ್ಕೆ ಕಳಿಸೋದು) ಹಾಕಿದೆ, ನಿಜಕ್ಕೂ ದೊಡ್ಡ ಕೆಲಸ. ನಿಮ್ಮ ಅರ್ಜಿಯಲ್ಲಿ ಅದನ್ನ ಮುಚ್ಚಿಡೋಕೆ ಹೋಗ್ಬೇಡಿ, "ಅದು ಇದೆ, ಅದರ ಜೊತೆ ಹೋಲಿಸಿ ನೋಡ್ತೀವಿ, ಅದು ಹೇಳದೇ ಇರೋ ಇಂಥದ್ದನ್ನ ನಾವು ನೋಡ್ತೀವಿ" ಅಂತ ನೇರ ಬರೀರಿ.

ಇಂಥದ್ದು ಅಂದ್ರೆ ಏನು? ನಮ್ಮದೇ ಉದಾಹರಣೆ ಕೊಡ್ತೀನಿ. ಅಡಿಕೆಗೆ ಕೊಳೆ ರೋಗ ಬರಬಾರದು ಅಂದ್ರೆ ಮಳೆ ಜೋರು ಹಿಡಿಯೋಕೆ ಮುಂಚೆ ಒಂದ್ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೀಬೇಕು, ಆಮೇಲೆ ಒಂದೂವರೆ ತಿಂಗಳು ಬಿಟ್ಟು ಇನ್ನೊಂದ್ಸಲ. ಆ ಎರಡನೇ ಸಲಕ್ಕೆ ಮಳೆ ಒಂದಷ್ಟು ಹೊತ್ತು ಹೊಳವು, ಅಂದ್ರೆ ಬಿಡುವು, ಕೊಡಬೇಕು, ಕೊನೆಗಾರ ಮರ ಹತ್ತೋಕಾದ್ರೂ ಮರ ಒಣಗಬೇಕಲ್ಲ. ಈಗಿನ ತಕರಾರು ಏನಂದ್ರೆ ಆ ಹೊಳವೇ ಸಿಗ್ತಿಲ್ಲ ಅಂತ ಒಬ್ಬರು, ಇಲ್ಲ ಜೂನ್ ಪೂರ್ತಿ ಹೊಳವೇ ಆಮೇಲೆ ಒಂದೇ ಸಮ ಹುಯ್ಯುತ್ತೆ ಅಂತ ಇನ್ನೊಬ್ಬರು. ನಾವು ಮೊದ್ಲು "ಮಲೆನಾಡಿನ ಮೇಲೆ ಹವಾಮಾನ ವೈಪರೀತ್ಯದ ಪರಿಣಾಮಗಳ ಅಧ್ಯಯನ" ಅಂತ ಬರ್ಕೊಂಡು ಮೂರು ಕಡೆ ಕಳಿಸಿದ್ವಿ, ಒಂದು ಕಡೆಯಿಂದಲೂ ಉತ್ತರ ಬರ್ಲಿಲ್ಲ. ಆಮೇಲೆ "ಜೂನ್‌ನಿಂದ ಆಗಸ್ಟ್ ಒಳಗೆ ಮದ್ದು ಹೊಡೆಯೋಕೆ ಸಾಕಾಗೋಷ್ಟು ಹೊಳವು ಎಷ್ಟು ದಿನ ಸಿಗ್ತಿದೆ, ಮೂವತ್ತು ವರ್ಷದ ಹಿಂದೆ ಎಷ್ಟು ಸಿಗ್ತಿತ್ತು" ಅಂತ ಬದಲಾಯಿಸಿದ್ವಿ. ಕೆಲಸ ಅದೇ, ಮಾಪಕ ಅದೇ, ಜನಾನೂ ಅದೇ. ಆದ್ರೆ ಓದಿದವರಿಗೆ ಇದರ ಉತ್ತರ ಸಿಕ್ಕಿದ್ರೆ ಯಾರು ಏನು ಮಾಡ್ತಾರೆ ಅನ್ನೋದು ಕಣ್ಣಿಗೆ ಕಾಣ್ತು, ಎರಡು ವಾರದಲ್ಲಿ ಫೋನ್ ಬಂತು.

ನಿಮ್ಮದು ಕರಾವಳಿ ಆದ್ರೆ ಬಾವಿಗೆ ಉಪ್ಪು ನೀರು ಯಾವ ತಿಂಗಳಿಂದ ಬರುತ್ತೆ ಅನ್ನೋದು ಪ್ರಶ್ನೆ ಆಗಬಹುದು, ಕೊಡಗು ಚಿಕ್ಕಮಗಳೂರು ಆದ್ರೆ ಕಾಫಿಗೆ ಹೂಮಳೆ, ಉತ್ತರದ ಕಡೆ ಆದ್ರೆ ತೊಗರಿ ಹೂ ಬಿಡೋ ಹೊತ್ತಿನ ಮೋಡ. ಒಟ್ನಲ್ಲಿ ಊರಿನ ಕಟ್ಟೆ ಮೇಲೆ ಕೂತೋರು "ಹೌದು, ಇದು ಗೊತ್ತಾದ್ರೆ ಒಳ್ಳೇದು" ಅನ್ನೋ ಹಂಗಿರಬೇಕು. ನಕ್ಷತ್ರದ ಮಳೆ ಹೆಸರು ಬಳಸೋಕೆ ನಾಚ್ಕೋಬೇಡಿ, ರೋಹಿಣಿ ಮೃಗಶಿರಾ ಆರಿದ್ರಾ ಅಂತ ಹದಿನಾಲ್ಕು ದಿನಕ್ಕೊಂದು ಹೆಸರಿಟ್ಟು ಹಿರಿಯರು ಲೆಕ್ಕ ಮಾಡಿ ಕೊಟ್ಟಿದಾರೆ, ರೈತರ ನೆನಪೆಲ್ಲ ಆ ಹೆಸರಲ್ಲೇ ಇರೋದು. ಅರ್ಜಿಯಲ್ಲಿ ಪಕ್ಕದಲ್ಲಿ ತಾರೀಖು ಹಾಕಿದ್ರೆ ಆಯ್ತು.

ದೊಡ್ಡದು ಕೇಳೋ ಮುಂಚೆ ಹಳೇ ನೋಟ್‌ಬುಕ್ ಹುಡುಕಿ

ಇದು ನನ್ನ ಖಾಸಾ ಸಲಹೆ. ಹವಾಮಾನ ಅಂತ ಬಾಯಿ ಬಿಡೋಕೆ ಮೂವತ್ತು ವರ್ಷದ ಲೆಕ್ಕ ಬೇಕು ಅನ್ನೋದು ಜಾಗತಿಕ ಹವಾಮಾನ ಸಂಸ್ಥೆಯ ರೂಢಿ. ನೀವು ಇವತ್ತು ಮಾಪಕ ನೆಟ್ರೆ ಮೂವತ್ತು ವರ್ಷ ಕಾಯೋ ದಾನಿ ಈ ಭೂಮಿ ಮೇಲೆ ಇಲ್ಲ. ಆದ್ರೆ ಕಾಫಿ ಎಸ್ಟೇಟ್‌ಗಳಲ್ಲಿ, ಕೆಲವು ಹಳೇ ಅಡಿಕೆ ಮನೆಗಳಲ್ಲಿ ಅಜ್ಜನ ಕಾಲದಿಂದ ಮಳೆ ಬರೆದಿಟ್ಟಿರೋ ಪುಸ್ತಕ ಇರುತ್ತೆ, ಅಟ್ಟದ ಮೇಲೆ, ಗೆದ್ದಲು ಹಿಡಿಯೋಕೆ ರೆಡಿಯಾಗಿ. ಅವನ್ನ ಹುಡುಕಿ, ಫೋಟೋ ತೆಗೆದು, ಎಕ್ಸೆಲ್‌ಗೆ ಹಾಕೋ ಕೆಲಸಕ್ಕೆ ಎರಡು ಮೂರು ಲಕ್ಷ ಸಾಕು, ಆರೇಳು ತಿಂಗಳಲ್ಲಿ ಮುಗಿಯುತ್ತೆ, ಮೊದಲನೇ ಸಲ ಕೊಡೋ ದಾನಿಗೆ ಭಯ ಆಗದೇ ಇರೋ ಮೊತ್ತ.

ನಾವು ನೋಡಿದ ಒಂದು ಪುಸ್ತಕ ಹೇಳ್ತೀನಿ. ಉದ್ದನೆಯ ಕೆಂಪು ರಟ್ಟಿನ ಲೆಡ್ಜರ್, ಒಂದು ಪುಟಕ್ಕೆ ಒಂದು ವರ್ಷ, ಮೇಲೆ ತಿಂಗಳು ಪಕ್ಕದಲ್ಲಿ ತಾರೀಖು, ಒಳಗೆ 2-30, 0-45 ಅಂತ ನೀಲಿ ಇಂಕಿನಲ್ಲಿ. ನಮ್ಮ ಹುಡುಗ ಅದನ್ನ ಎರಡು ಪಾಯಿಂಟ್ ಮೂವತ್ತು ಮಿಲಿಮೀಟರ್ ಅಂತ ಹೊಡ್ಕೊಂಡು ಹೋಗ್ತಾ ಇದ್ದ. ಮನೆಯ ಯಜಮಾನರು ಬಂದು ನೋಡಿ ನಕ್ರು, "ಅದು ಎರಡು ಇಂಚು ಮೂವತ್ತು ಸೆಂಟು ಕಣಪ್ಪ" ಅಂತ. ಇಂಚಿನಲ್ಲಿ ನೂರು ಭಾಗ ಮಾಡಿದ್ರೆ ಒಂದು ಸೆಂಟು, ಒಂದು ಇಂಚು ಅಂದ್ರೆ 25.4 ಮಿಲಿಮೀಟರ್, ಅಂದ್ರೆ ಅವತ್ತು ಬಿದ್ದಿದ್ದು 58 ಮಿಲಿಮೀಟರ್ ಮೇಲೆ. ಇನ್ನೊಂದು ಪೇಚು, ಬೆಳಿಗ್ಗೆ ಓದಿದ ಮಳೆನ ಕೆಲವರು ಅವತ್ತಿನ ತಾರೀಖಿಗೆ ಬರೀತಾರೆ, ಕೆಲವರು ನಿನ್ನೆ ಬಿದ್ದಿದ್ದು ಅಂತ ನಿನ್ನೆ ತಾರೀಖಿಗೆ ಬರೀತಾರೆ, ಇದನ್ನ ಆ ಮನೆಯವರ ಹತ್ರ ಕೂತು ಕೇಳದೇ ಇದ್ರೆ ಪಕ್ಕದ ಎಸ್ಟೇಟ್ ಜೊತೆ ಹೋಲಿಸೋವಾಗ ಎಲ್ಲ ಒಂದು ದಿನ ಆಚೀಚೆ. ಆಮೇಲೆ ಖಾಲಿ ಬಿಟ್ಟ ಮನೆ. ಮಳೆ ಬರ್ಲಿಲ್ಲ ಅಂತ ಖಾಲಿಯೋ, ಬರೆಯೋರು ಮದುವೆಗೆ ಹೋಗಿದ್ರು ಅಂತ ಖಾಲಿಯೋ? ಸೊನ್ನೆಗೂ ಖಾಲಿಗೂ ಅಜಗಜಾಂತರ.

ಈ ಮಟ್ಟದ ವಿಷಯ ಒಂದೆರಡು ನಿಮ್ಮ ಅರ್ಜಿಯಲ್ಲಿ ಇದ್ರೆ ಓದೋರಿಗೆ ಗೊತ್ತಾಗುತ್ತೆ ಇವರು ಕೆಲಸಕ್ಕೆ ಕೈ ಹಾಕಿದೋರು ಅಂತ. ಚಂದದ ಗ್ರಾಫ್‌ಗಿಂತ ಇದು ಜಾಸ್ತಿ ಕೆಲಸ ಮಾಡುತ್ತೆ.

ಯಾರ ಹತ್ರ ಕೇಳೋದು

ಸಂಶೋಧನೆಗೆ ದಾನ ಕೊಡೋದು ನಮ್ಮಲ್ಲಿ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಶುರುವಾಗಿದ್ದೇ ಜಮ್‌ಶೆಟ್‌ಜಿ ಟಾಟಾ ದುಡ್ಡು, ಮೈಸೂರು ಅರಸರು ಕೊಟ್ಟ 371 ಎಕರೆ ಜಾಗದಿಂದ. ಅದೇ ಕ್ಯಾಂಪಸ್‌ನಲ್ಲಿರೋ ದಿವೇಚಾ ಹವಾಮಾನ ಬದಲಾವಣೆ ಕೇಂದ್ರ 2009ರಲ್ಲಿ ಹುಟ್ಟಿದ್ದು ಅರ್ಜುನ್ ದಿವೇಚಾ, ಡಯಾನಾ ದಿವೇಚಾ ದಂಪತಿ ಮತ್ತು ಗ್ರಾಂಥಮ್ ಫೌಂಡೇಶನ್ ಕೊಟ್ಟ ದೇಣಿಗೆಯಿಂದ. ಆದ್ರೆ ಅದು ದೊಡ್ಡ ಸಂಸ್ಥೆಯ ಕಥೆ. ಪ್ರಪಂಚದಲ್ಲಿ ಜನ ಕೊಡೋ ಒಟ್ಟು ದಾನದಲ್ಲಿ ಇಂಗಾಲ ಕಡಿಮೆ ಮಾಡೋ ಕೆಲಸಕ್ಕೆ ಹೋಗೋದೇ ಶೇ 2ಕ್ಕಿಂತ ಕಡಿಮೆ ಅಂತ ಲೆಕ್ಕ ಇದೆ, ಇನ್ನು ಒಂದು ತಾಲೂಕಿನ ಮಳೆ ಅಳೆಯೋಕೆ ಎಷ್ಟು ಉಳಿಯುತ್ತೆ ನೀವೇ ಊಹಿಸಿ. ಕೆರೆ ಕಟ್ಟಿಸು ಬಾವಿ ತೋಡಿಸು ಅಂತ ಹೇಳಿಕೊಟ್ಟ ನಾಡು ನಮ್ದು, ಕಟ್ಟಿದ ಕೆರೆಲಿ ಎಷ್ಟು ನೀರಿದೆ ಅಂತ ದಿನಾ ನೋಡೋಕೆ ಒಬ್ಬನ್ನ ಇಡು ಅಂತ ಮಾತ್ರ ಯಾರೂ ಹೇಳ್ಲಿಲ್ಲ.

ನಮ್ಮಂಥ ಸಣ್ಣೋರಿಗೆ ದಾರಿ ನಾಲ್ಕು. ಒಂದು, ಸ್ವಂತ ದುಡ್ಡಲ್ಲಿ ನಡೆಯೋ ಫೌಂಡೇಶನ್‌ಗಳು. ರೋಹಿಣಿ ನಿಲೇಕಣಿ ಫಿಲಾಂತ್ರಪೀಸ್, ಜೆರೋಧಾದವರ ರೈನ್‌ಮ್ಯಾಟರ್ ಫೌಂಡೇಶನ್, ಟಾಟಾ ಟ್ರಸ್ಟ್ಸ್ ಈ ಥರದವು, ಮೊದಲೆರಡೂ ಬೆಂಗಳೂರಿನಲ್ಲೇ ಇವೆ. ಇವರಿಗೆ ವಿಷಯ ಅರ್ಥ ಆಗುತ್ತೆ, ಸಂಬಳಕ್ಕೂ ದುಡ್ಡು ಕೊಡೋ ಮನಸ್ಸಿರುತ್ತೆ, ಆದ್ರೆ ಬರೋ ಅರ್ಜಿಗಳ ರಾಶಿಯಲ್ಲಿ ನಿಮ್ಮದು ಕಾಣಿಸಬೇಕು ಅಂದ್ರೆ ನಿಮ್ಮ ಕೆಲಸ ನೋಡಿರೋ ಯಾರಾದ್ರೂ ಒಂದು ಮಾತು ಹಾಕಿರಬೇಕು. ಅದಕ್ಕೆ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಗಳಾದ ಏಟ್ರೀ, ವೆಲ್ ಲ್ಯಾಬ್ಸ್, ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್, ಪೊನ್ನಂಪೇಟೆ ಶಿರಸಿ ಅರಣ್ಯ ಕಾಲೇಜುಗಳು ಇಂಥ ಕಡೆಯ ಸಂಶೋಧಕರ ಪರಿಚಯ ಮೊದ್ಲೇ ಮಾಡ್ಕೊಳ್ಳಿ, ದುಡ್ಡಿನ ಮಾತು ಎತ್ತದೇನೇ, ನಿಮ್ಮ ಡೇಟಾ ತೋರಿಸೋಕೆ ಅಂತ ಹೋಗಿ.

ಎರಡನೇದು ಕಂಪನಿಗಳ ಸಿಎಸ್‌ಆರ್, ಅಂದ್ರೆ ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ ದುಡ್ಡು. ದುಡ್ಡು ಜಾಸ್ತಿ ಇರೋದು ಇಲ್ಲೇ, ತಲೆನೋವು ಜಾಸ್ತಿ ಇರೋದೂ ಇಲ್ಲೇ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನೆಟ್‌ವರ್ತ್ ಅಥವಾ 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದ್ರೂ ಒಂದು ದಾಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2 ಸಮಾಜಕ್ಕೆ ಖರ್ಚು ಮಾಡಬೇಕು. 5 ಕೋಟಿ ಲಾಭ ಅನ್ನೋದನ್ನ ಗಮನಿಸಿ. ಎಲ್ಲರೂ ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳ ಬಾಗಿಲಲ್ಲಿ ಸಾಲು ನಿಂತಿರ್ತಾರೆ, ನಿಮ್ಮದೇ ಜಿಲ್ಲೆಯ ಫೌಂಡ್ರಿ, ಮಸಾಲೆ ಎಕ್ಸ್‌ಪೋರ್ಟ್ ಮಾಡೋರು, ಸಕ್ಕರೆ ಕಾರ್ಖಾನೆ ಹತ್ರ ಯಾರೂ ಹೋಗಿರಲ್ಲ. ಅವರ ಯಜಮಾನರಿಗೆ ನಿಮ್ಮ ಊರಿನ ಹೊಳೆ ಗೊತ್ತಿರುತ್ತೆ, ಲಿಂಗನಮಕ್ಕಿ ಮಟ್ಟ 1819 ಅಡಿಗೆ ಇನ್ನೆಷ್ಟು ಬಾಕಿ ಅಂತ ದಿನಾ ಪೇಪರ್‌ನಲ್ಲಿ ನೋಡೋ ಮನುಷ್ಯನಿಗೆ ಮಳೆ ಲೆಕ್ಕ ಯಾಕೆ ಬೇಕು ಅಂತ ಬಿಡಿಸಿ ಹೇಳೋ ಕಷ್ಟ ಇಲ್ಲ.

ಸಿಎಸ್‌ಆರ್‌ಗೆ ಅರ್ಜಿ ಹಾಕೋವಾಗ ಕಾಯ್ದೆಯ ಏಳನೇ ಶೆಡ್ಯೂಲ್‌ನ ಯಾವ ಕಲಂ ಅಡಿ ಬರುತ್ತೆ ಅಂತ ನೀವೇ ಬರೆದುಕೊಡಿ, ಅವರಿಗೆ ಹುಡುಕೋ ಕೆಲಸ ಇಡಬೇಡಿ. ಟ್ರಸ್ಟ್ ಆದ್ರೆ ನಾಲ್ಕನೇ ಕಲಂ, ಪರಿಸರ ಸಮತೋಲನ, ಮಣ್ಣು ಗಾಳಿ ನೀರಿನ ಗುಣಮಟ್ಟ. ಸರ್ಕಾರಿ ದುಡ್ಡಲ್ಲಿ ನಡೆಯೋ ವಿಶ್ವವಿದ್ಯಾಲಯ, ರಾಷ್ಟ್ರೀಯ ಸಂಶೋಧನಾಲಯ ಆದ್ರೆ ಒಂಬತ್ತನೇ ಕಲಂನಲ್ಲಿ ಸಂಶೋಧನೆ ಅಂತಾನೇ ಇದೆ. ಸಮಯಾನೂ ನೋಡ್ಕೊಳ್ಳಿ. ಬಹಳಷ್ಟು ಕಡೆ ವರ್ಷದ ಪ್ಲಾನ್ ತಯಾರಾಗೋದು ಏಪ್ರಿಲ್ ಆಸುಪಾಸಿನಲ್ಲಿ, ಅದಕ್ಕೆ ಮುಂಚೆ ಡಿಸೆಂಬರ್ ಜನವರಿಯಲ್ಲೇ ಮಾತಾಡಿರಬೇಕು. ಫೆಬ್ರವರಿ ಮಾರ್ಚ್‌ನಲ್ಲಿ ಖರ್ಚಾಗದ ದುಡ್ಡು ಹಿಡ್ಕೊಂಡು ಓಡಾಡ್ತಿರ್ತಾರೆ, ಆಗ "ಹದಿನೈದು ದಿನದಲ್ಲಿ ಖರ್ಚು ಮಾಡ್ತೀರಾ?" ಅಂತ ಫೋನ್ ಬಂದ್ರೆ ಆಸೆಗೆ ಬಿದ್ದು ಹೂಂ ಅನ್ಬೇಡಿ, ಹದಿನೈದು ದಿನದಲ್ಲಿ ಖರ್ಚಾಗೋದು ಮಾಪಕ ಮಾತ್ರ, ಓದೋರ ಸಂಬಳ ಅಲ್ಲ. ಬದಲಿಗೆ "ಇದನ್ನ ಆನ್‌ಗೋಯಿಂಗ್ ಪ್ರಾಜೆಕ್ಟ್ ಮಾಡಿ" ಅಂತ ಕೇಳಿ. ನಿಯಮದಲ್ಲಿ ಅವಕಾಶ ಇದೆ, ಶುರುವಾದ ವರ್ಷ ಬಿಟ್ಟು ಮುಂದೆ ಮೂರು ವರ್ಷದವರೆಗೆ ನಡೆಸಬಹುದು, ಉಳಿದ ದುಡ್ಡನ್ನ ವರ್ಷ ಮುಗಿದ 30 ದಿನದೊಳಗೆ ಬೇರೆ ಖಾತೆಗೆ ಹಾಕಿಟ್ರೆ ಆಯ್ತು. ಇದು ಎಷ್ಟೋ ಸಣ್ಣ ಕಂಪನಿಯವರಿಗೆ ಗೊತ್ತೇ ಇರಲ್ಲ, ನಾವು ಹೇಳಿದ ಮೇಲೆ ಅವರ ಆಡಿಟರನ್ನ ಕೇಳಿ ಒಪ್ಪಿಕೊಂಡಿದ್ದಿದೆ.

ಮೂರನೇದು ಊರಿನೋರು ಮತ್ತೆ ಊರು ಬಿಟ್ಟು ಹೋದೋರು. ಇಲ್ಲಿ ದಾನ ಕೊಟ್ಟೋರಿಗೆ 80ಜಿ ತೆರಿಗೆ ರಿಯಾಯ್ತಿ ಸಿಗುತ್ತೆ ಅಂತ ಜನರನ್ನ ಸೆಳೆಯೋ ಕಾಲ ಮುಗೀತಾ ಬಂತು, ಹೊಸ ತೆರಿಗೆ ಪದ್ಧತಿಯಲ್ಲಿ ಇರೋ ಸಂಬಳದಾರರಿಗೆ ಆ ರಿಯಾಯ್ತಿ ಸಿಗಲ್ಲ. ಅದಕ್ಕೆ ನಾವು ನೇರ "ಒಂದು ಮಾಪಕ ಒಂದು ವರ್ಷ ಓದಿಸೋ ಖರ್ಚು ನಿಮ್ಮದು" ಅಂತ ಕೇಳ್ತೀವಿ, ಅಜ್ಜನ ಹೆಸರಲ್ಲಿ, ಮನೆ ಹತ್ರದ ಹಳ್ಳದ ಹೆಸರಲ್ಲಿ. ತಿಂಗಳಿಗೊಂದು ವಾಟ್ಸಾಪ್‌ನಲ್ಲಿ ಅವರ ಮಾಪಕದ ಲೆಕ್ಕ ಹೋಗುತ್ತೆ, ಪುಣೆಯಲ್ಲಿ ಕೂತಿರೋ ಮನುಷ್ಯ "ನಮ್ಮೂರಲ್ಲಿ ಆರಿದ್ರಾ ಇಷ್ಟೇನಾ?" ಅಂತ ವಾಪಸ್ ಕೇಳ್ತಾನೆ. ನಗದು 2,000 ರೂಪಾಯಿ ಮೇಲೆ ಕೊಟ್ರೆ 80ಜಿಗೆ ಲೆಕ್ಕ ಇಲ್ಲ, ಹಂಗಾಗಿ ನಗದು ತಗೊಳ್ಳೋದೇ ಬೇಡ.

ನಾಲ್ಕನೇದು ವಿದೇಶದ ದುಡ್ಡು, ಇಲ್ಲಿ ಹುಷಾರು. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಅಥವಾ ಮುಂಚಿತವಾಗಿ ಸರ್ಕಾರದ ಅನುಮತಿ ಇಲ್ಲದೆ ಒಂದು ಡಾಲರ್ ಕೂಡ ತಗೊಳ್ಳೋ ಹಂಗಿಲ್ಲ. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ಮೂಲ ಕೆಲಸಕ್ಕೆ ಖರ್ಚಾಗಿರಬೇಕು. 2020ರ ತಿದ್ದುಪಡಿಗೆ ಮುಂಚೆ ದೊಡ್ಡ ಸಂಸ್ಥೆ ವಿದೇಶಿ ದುಡ್ಡು ತಗೊಂಡು ನೋಂದಣಿ ಇರೋ ಸಣ್ಣೋರಿಗೆ ಹಂಚಬಹುದಿತ್ತು, ಈಗ ಅದೂ ಇಲ್ಲ, ನೇರ ನಿಮಗೇ ಬರಬೇಕು, ಅದೂ ಮೊದ್ಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಮ್ಮೂರ ಹುಡುಗ ಒಬ್ಬ ಕ್ಯಾಲಿಫೋರ್ನಿಯಾದಿಂದ ರಜೆಗೆ ಬಂದವನು "ಅಣ್ಣಾ, ಐದು ಲಕ್ಷ ಈಗ್ಲೇ ಹಾಕ್ತೀನಿ, ಖಾತೆ ನಂಬರ್ ಹೇಳಿ" ಅಂದ. ಇಡೀ ವರ್ಷದ ಓದೋರ ಸಂಬಳಕ್ಕಿಂತ ಜಾಸ್ತಿ ಅದು, ಬಾಯಲ್ಲಿ ನೀರು ಬಂತು. ಕೇಳಿದ್ರೆ ಅವನ ಹತ್ರ ಈಗ ಅಮೆರಿಕದ ಪಾಸ್‌ಪೋರ್ಟ್. ಭಾರತದ ಪಾಸ್‌ಪೋರ್ಟ್ ಇಟ್ಕೊಂಡು ಹೊರಗೆ ಕೆಲಸ ಮಾಡೋರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ರೆ ಅದು ವಿದೇಶಿ ದೇಣಿಗೆ ಅಲ್ಲ, ಆದ್ರೆ ಪೌರತ್ವ ಬದಲಾಯಿಸಿದೋರು ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಕೊಂಡಿದ್ರೂ ಅವರ ದುಡ್ಡು ವಿದೇಶಿ ದುಡ್ಡೇ. ಬೆಂಗಳೂರಲ್ಲಿರೋ ಅವನ ಅಕ್ಕ ಸ್ವಂತ ದುಡಿಮೆಯಿಂದ ಒಂದು ಮಾಪಕ ವಹಿಸ್ಕೊಂಡ್ರು, ಅವನು ಡೇಟಾ ಹಾಕೋ ಸಾಫ್ಟ್‌ವೇರ್ ತಾನೇ ಕೂತು ಬರೆದುಕೊಟ್ಟ.

ಕಾಗದ ಪತ್ರ

ಬೇಸರದ ಭಾಗ, ಬೇಗ ಮುಗಿಸ್ತೀನಿ. ಟ್ರಸ್ಟ್ ಅಥವಾ ಸೊಸೈಟಿ ನೋಂದಣಿ, 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯ್ತಿ), 80ಜಿ, ಪ್ಯಾನ್, ಮೂರು ವರ್ಷದ ಆಡಿಟ್ ಆದ ಲೆಕ್ಕ, ಸಿಎಸ್‌ಆರ್‌ಗೆ ಅಂತ ಸಿಎಸ್‌ಆರ್-1 ನೋಂದಣಿ, ಇದು 2021ರ ಏಪ್ರಿಲ್‌ನಿಂದ ಕಡ್ಡಾಯ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರ್ ಎಲ್ಲ ಬೇರೆ, ಬಾಯಲ್ಲಿ ಮಾತ್ರ ಎಲ್ಲರೂ 12ಎ, 80ಜಿ ಅಂತಾನೇ ಅಂತಾರೆ, ಫಾರಂ ತುಂಬೋವಾಗ ಆಡಿಟರ್ ಹತ್ರ ಕೇಳ್ಕೊಳ್ಳಿ. ಸಿಎಸ್‌ಆರ್ ದುಡ್ಡಿಗೆ ಹೊರಗಿನ ಸಂಸ್ಥೆಗೆ ಅದೇ ಥರದ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು. ಹೋದ ತಿಂಗಳು ಹುಟ್ಟಿದ ಟ್ರಸ್ಟ್ ಆದ್ರೆ ಅದನ್ನ ಹಿಡ್ಕೊಂಡು ಅಲೆಯೋ ಬದಲು ಒಂದು ಕಾಲೇಜು ಅಥವಾ ಹಳೇ ಸಂಸ್ಥೆ ಹೆಸರಲ್ಲಿ ಪ್ರಾಜೆಕ್ಟ್ ತಗೊಂಡು ಅಲ್ಲಿ ನೀವು ಕೆಲಸ ಮಾಡಿ. ಹೆಸರು ಅವರದ್ದಾಗುತ್ತೆ, ಹೊಟ್ಟೆ ಉರ್ಕೋಬೇಡಿ.

ಬಜೆಟ್, ನಿಜವಾದ ಜಗಳ ಇರೋದು ಇಲ್ಲಿ

ಹತ್ತು ಮಾಪಕ, ಮೂರು ವರ್ಷ ಅಂತ ಇಟ್ಕೊಳ್ಳಿ. ಓದೋರಿಗೆ ತಿಂಗಳಿಗೆ ಮೂರು ಸಾವಿರ ಗೌರವಧನ ಅಂದ್ರೆ 10.8 ಲಕ್ಷ. ಅವರಿಗೆ ಹುಷಾರಿಲ್ಲದಾಗ, ಬಾಣಂತನಕ್ಕೆ ಹೋದಾಗ ಓದೋ ಬದಲಿಯವರಿಗೆ ಇನ್ನೊಂದು ಲಕ್ಷ, ಇದನ್ನ ಮರೀಬೇಡಿ, ಡೇಟಾದಲ್ಲಿ ತೂತು ಬೀಳೋದೇ ಇಲ್ಲಿ. ಬೈಕಲ್ಲಿ ಸುತ್ತಿ ಎಲ್ಲರ ಪುಸ್ತಕ ನೋಡಿ ಬರೋ ಒಬ್ಬ ಕೋಆರ್ಡಿನೇಟರ್‌ಗೆ ತಿಂಗಳಿಗೆ 25 ಸಾವಿರದಂಗೆ 9 ಲಕ್ಷ, ಪೆಟ್ರೋಲ್ ಒಂದು ಲಕ್ಷ ಚಿಲ್ಲರೆ. ಡೇಟಾ ನೋಡೋರಿಗೆ 3 ಲಕ್ಷ. ಊರ ಸಭೆ, ಪ್ರಿಂಟಿಂಗ್, ಆಡಿಟ್ ಎಲ್ಲ ಸೇರಿ ಎರಡು ಲಕ್ಷದ ಹತ್ರ. ಮಾಪಕ ಮತ್ತೆ ರಿಪೇರಿ ಒಂದೂವರೆ ಲಕ್ಷ. ಒಟ್ಟು 28 ಲಕ್ಷದ ಆಸುಪಾಸು, ಅದರಲ್ಲಿ ವಸ್ತು ಅಂತ ಇರೋದು ಒಂದೂವರೆ ಲಕ್ಷ ಮಾತ್ರ.

ಇದನ್ನ ನೋಡಿದ ತಕ್ಷಣ ಆಚೆಯೋರು ಕೇಳೋ ಮೊದಲ ಪ್ರಶ್ನೆ "ಎಲ್ಲ ಸಂಬಳಾನೇ ಇದೆಯಲ್ಲ ಸಾರ್, ಆಟೋಮ್ಯಾಟಿಕ್ ಸ್ಟೇಷನ್ ಹಾಕಿದ್ರೆ ಮನುಷ್ಯರೇ ಬೇಡ ಅಲ್ವಾ?" ಉತ್ತರಕ್ಕೆ ನಾನು ಫೋನ್‌ನಲ್ಲಿ ಒಂದು ಫೋಟೋ ಇಟ್ಕೊಂಡಿದೀನಿ. ಆಟೋಮ್ಯಾಟಿಕ್ ಮಾಪಕದ ಒಳಗೆ ಒಂದು ಪುಟ್ಟ ತೂಗುತೊಟ್ಟಿ ಇರುತ್ತೆ, ಇಷ್ಟು ನೀರು ತುಂಬಿದ್ರೆ ಆ ಕಡೆ ವಾಲುತ್ತೆ, ಮತ್ತೆ ತುಂಬಿದ್ರೆ ಈ ಕಡೆ, ಎಷ್ಟು ಸಲ ವಾಲ್ತು ಅನ್ನೋದೇ ಮಳೆ ಲೆಕ್ಕ. ನನ್ನ ಫೋಟೋದಲ್ಲಿ ಆ ತೊಟ್ಟಿಯ ಕೆಳಗೆ ಇರುವೆ ಗೂಡು ಕಟ್ಟಿವೆ, ಮೇಲಿನ ಕೊಳವೆಯಲ್ಲಿ ಅಡಿಕೆ ಹಿಂಗಾರದ ಚೂರು ಸಿಕ್ಕಾಕ್ಕೊಂಡಿದೆ, ಅಂದ್ರೆ ಜುಲೈ ತಿಂಗಳ ಹನ್ನೊಂದು ದಿನ ಆ ಯಂತ್ರ ಸೊನ್ನೆ ಸೊನ್ನೆ ಅಂತ ಸರ್ವರ್‌ಗೆ ಕಳಿಸ್ತಾ ಇತ್ತು, ಪಕ್ಕದ ಗದ್ದೆ ಮುಳುಗಿತ್ತು. ಜೋರು ಮಳೆಯಲ್ಲಿ ತೊಟ್ಟಿ ವಾಲೋ ಅಷ್ಟರಲ್ಲಿ ನೀರು ಚೆಲ್ಲಿ ಲೆಕ್ಕ ಕಮ್ಮಿ ಬೀಳೋದೂ ಉಂಟು. ಯಂತ್ರ ಬೇಡ ಅನ್ನಲ್ಲ, ಒಂದೆರಡು ಇರಲಿ, ಅದನ್ನ ನೋಡ್ಕೊಳ್ಳೋಕಾದ್ರೂ ಮನುಷ್ಯ ಬೇಕಲ್ಲ.

ಕಾನೂನಿನ ಒಂದು ವಿಷಯ ಗೊತ್ತಿದ್ರೆ ಈ ಜಗಳ ಅರ್ಧಕ್ಕರ್ಧ ಕಮ್ಮಿ ಆಗುತ್ತೆ. ಸಿಎಸ್‌ಆರ್‌ನಲ್ಲಿ ಆಡಳಿತ ವೆಚ್ಚ ಶೇ 5 ದಾಟಬಾರದು ಅಂತ ಇದೆ ನಿಜ, ಆದ್ರೆ ಅದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸೋ ಖರ್ಚಿಗೆ, ಪ್ರಾಜೆಕ್ಟ್ ಜಾರಿ ಮಾಡೋಕೆ ನೇರ ಆಗೋ ಖರ್ಚು ಅದರೊಳಗೆ ಬರಲ್ಲ. ಎಫ್‌ಸಿಆರ್‌ಎ ದುಡ್ಡಿಗೆ ಆಡಳಿತ ವೆಚ್ಚದ ಮಿತಿ ಶೇ 20, ಅಲ್ಲೂ ಸಂಶೋಧನೆ ಅಥವಾ ತರಬೇತಿಯೇ ಮುಖ್ಯ ಕೆಲಸ ಆಗಿರೋ ಸಂಸ್ಥೆಯಲ್ಲಿ ಫೀಲ್ಡ್ ಡೇಟಾ ಸಂಗ್ರಹ ಮಾಡೋರ ಸಂಬಳ ಆಡಳಿತ ವೆಚ್ಚ ಅಲ್ಲ ಅಂತ ನಿಯಮದಲ್ಲೇ ಇದೆ. ಹಂಗಾಗಿ ಬಜೆಟ್ ಶೀಟ್‌ನಲ್ಲಿ "ಸಿಬ್ಬಂದಿ ವೇತನ" ಅಂತ ಒಂದೇ ಸಾಲಲ್ಲಿ ಗುಡ್ಡೆ ಹಾಕ್ಬೇಡಿ, "ಮಳೆ ಮಾಪನ, 10 ಕೇಂದ್ರ, 36 ತಿಂಗಳು" ಅಂತ ಬರೀರಿ. ಸುಳ್ಳೇನಲ್ಲ, ಅವರು ಮಾಡೋ ಕೆಲಸವೇ ಅದು.

ಒಂದು ಪುಟದ ಟಿಪ್ಪಣಿ, ಆಮೇಲೆ ಭೇಟಿ

ಮೊದಲ ಸಲ ನಲವತ್ತು ಪುಟದ ವರದಿ ಕಳಿಸ್ಬೇಡಿ. ಒಂದು ಪುಟ. ನಮ್ಮ ಒಂದು ಟಿಪ್ಪಣಿ ಶುರುವಾಗಿದ್ದು ಹಿಂಗೆ: "ನಮ್ಮ ಹೋಬಳಿಯ ಹತ್ತು ಹಳ್ಳಿಗಳಲ್ಲಿ ಅಡಿಕೆ ಬೆಳೆಗಾರರು ಎರಡನೇ ಸಲದ ಔಷಧಿ ಯಾವಾಗ ಹೊಡೆಯಬೇಕು ಎಂಬುದನ್ನು ಅಂದಾಜಿನಲ್ಲಿ ನಿರ್ಧರಿಸುತ್ತಿದ್ದಾರೆ. ನಾಲ್ಕು ಮನೆಗಳ ಹಳೆಯ ಮಳೆ ಪುಸ್ತಕಗಳು ನಮ್ಮ ಬಳಿ ಇವೆ. ಮೂರು ವರ್ಷ ಹತ್ತು ಕಡೆ ದಿನನಿತ್ಯ ಅಳೆದು, ಹಳೆಯದರೊಂದಿಗೆ ಹೋಲಿಸಿ, ಪ್ರತಿ ಮೇ ತಿಂಗಳಲ್ಲಿ ಬೆಳೆಗಾರರ ಸಭೆಯಲ್ಲಿ ಫಲಿತಾಂಶ ಇಡುತ್ತೇವೆ." ಅಷ್ಟೇ. ಆಮೇಲೆ ಯಾರು ಮಾಡ್ತಾರೆ, ಎಷ್ಟು ದುಡ್ಡು, ಡೇಟಾ ಎಲ್ಲಿ ಸಿಗುತ್ತೆ. ಇಂಗ್ಲಿಷ್‌ನಲ್ಲೂ ಒಂದು ಪ್ರತಿ ಬೇಕೇ ಬೇಕು, ಆದ್ರೆ ಮೊದ್ಲು ಕನ್ನಡದಲ್ಲಿ ಬರ್ಕೊಂಡ್ರೆ ಪೊಳ್ಳು ಮಾತು ತಾನಾಗೇ ಉದುರಿ ಹೋಗುತ್ತೆ, ಇದು ನನ್ನ ಅನುಭವ.

ಭೇಟಿಯಲ್ಲಿ "ಫಲಾನುಭವಿಗಳು ಎಷ್ಟು?" ಅಂತ ಕೇಳೇ ಕೇಳ್ತಾರೆ, ಎಕ್ಸೆಲ್‌ನಲ್ಲಿ ಒಂದು ಕಾಲಂ ಇರುತ್ತೆ, ಅದು ತುಂಬದೇ ಅವರ ಕೆಲಸ ಮುಂದೆ ಹೋಗಲ್ಲ. ಮಳೆಗೆ ಫಲಾನುಭವಿ ಎಷ್ಟು ಜನ ಅಂತ ಹೇಳೋದು? ನಾನೊಮ್ಮೆ "ಮೇಡಂ, ಕಪ್ಪೆಗಳನ್ನೂ ಸೇರಿಸ್ಲಾ?" ಅಂದೆ, ಅವರು ನಗಲಿಲ್ಲ, ನೀವು ಹಂಗೆಲ್ಲ ಅನ್ಬೇಡಿ. ಸಭೆಗೆ ಬರೋ ಬೆಳೆಗಾರರ ಸಂಖ್ಯೆ, ವಾಟ್ಸಾಪ್‌ನಲ್ಲಿ ಲೆಕ್ಕ ತಲುಪೋ ಮನೆಗಳ ಸಂಖ್ಯೆ ಹೇಳಿ, ಅದು ನಿಜ, ಎಣಿಸಿ ತೋರಿಸಬಹುದು. ಇಡೀ ತಾಲೂಕಿನ ಜನಸಂಖ್ಯೆ ಬರೆದ್ರೆ ಮುಂದಿನ ವರ್ಷ ನೀವೇ ಸಿಕ್ಕಾಕ್ಕೊಳ್ತೀರಿ. ಸಾಧ್ಯ ಆದ್ರೆ ಅವರನ್ನ ಊರಿಗೇ ಕರೆಸಿ, ಅದೂ ಜುಲೈನಲ್ಲಿ. ಬಂದು ಒಂದ್ಸಲ ಮಾಪಕ ಓದೋ ಅಕ್ಕನ ಜೊತೆ ತೋಟದ ಏರಿ ಹತ್ತಿ ಇಳಿದು ಹೋದ್ರೆ ಮತ್ತೆ ಆಟೋಮ್ಯಾಟಿಕ್ ಸುದ್ದಿ ಎತ್ತಲ್ಲ.

ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ

ಒಂದು ಕಂಪನಿ, ಹೆಸರು ಬೇಡ, ನಮಗೆ ಒಂದು ವರ್ಷ ದುಡ್ಡು ಕೊಟ್ಟಿತ್ತು. ಅದೇ ಊರಲ್ಲಿ ಅವರದ್ದೇ ಇನ್ನೊಂದು ಯೋಜನೆಯಲ್ಲಿ ಹದಿನೆಂಟು ತಿಂಗಳ ಹಿಂದೆ ಗುಡ್ಡದ ಮೇಲೆ ಸಸಿ ನೆಟ್ಟಿದ್ರು. ಆ ವರ್ಷ ಮಳೆ ಚೆನ್ನಾಗಾಯ್ತು. ವರದಿ ಕಳಿಸಿದ ಮೇಲೆ ಫೋನ್ ಬಂತು, ಸಸಿ ನೆಟ್ಟಿದ್ದರಿಂದ ಮಳೆ ಜಾಸ್ತಿಯಾಗಿದೆ ಅಂತ ಒಂದು ಸಾಲು ಸೇರಿಸ್ಬಿಡಿ ಅಂತ. ಮೊಣಕಾಲೆತ್ತರದ ಸಸಿ! ನಾವು ಆಗಲ್ಲ ಅಂದ್ವಿ, ಕೊನೇ ಕಂತು ನಾಲ್ಕು ತಿಂಗಳು ಬರ್ಲಿಲ್ಲ, ಓದೋರಿಗೆ ಸಂಬಳ ಕೈಯಿಂದ ಹಾಕಿದ್ವಿ. ಅವತ್ತಿಂದ ಒಪ್ಪಂದದಲ್ಲಿ ಒಂದು ಕಲಂ ನಾವೇ ಬರೆದು ಸೇರಿಸ್ತೀವಿ: ಫಲಿತಾಂಶ ಏನೇ ಬಂದ್ರೂ ಪ್ರಕಟಿಸೋ ಹಕ್ಕು ನಮ್ಮದು, ದಾನಿಗೆ ಮೊದ್ಲೇ ತೋರಿಸ್ತೀವಿ, ಬದಲಾಯಿಸಲ್ಲ. ಇದನ್ನ ಮೊದಲನೇ ದಿನಾನೇ ಎತ್ತಿದ್ರೆ ಯಾರೂ ಬೇಡ ಅನ್ನಲ್ಲ, ದುಡ್ಡು ಬಂದ ಮೇಲೆ ಎತ್ತಿದ್ರೆ ಮುಜುಗರ. ಡೇಟಾ ಯಾರದ್ದು ಅನ್ನೋದೂ ಬರೀರಿ, ಹಳೇ ಪುಸ್ತಕ ಕೊಟ್ಟ ಮನೆಯವರಿಗೆ ಒಂದು ಪ್ರತಿ ವಾಪಸ್ ಹೋಗಬೇಕು, ಅವರ ಹೆಸರು ಹಾಕ್ಬೇಕೋ ಬೇಡವೋ ಅವರನ್ನೇ ಕೇಳಿ.

ಕಂತುಗಳ ವಿಷಯ. ಬಹಳಷ್ಟು ಕಡೆ ಕೊನೇ ಕಂತು ಅಂತಿಮ ವರದಿ ಕೊಟ್ಟ ಮೇಲೆನೇ ಬಿಡೋದು. ಆ ಕೊನೇ ಕಂತಿಗೆ ಸಂಬಳ ಇಟ್ಕೋಬೇಡಿ, ಪ್ರಿಂಟಿಂಗ್, ಆಡಿಟ್ ಇಂಥವನ್ನ ಇಟ್ಕೊಳ್ಳಿ, ಅವರು ನಾಲ್ಕು ತಿಂಗಳು ಕಾಯ್ತಾರೆ, ಓದೋ ಅಕ್ಕ ಕಾಯಬಾರದು. ಮೊದಲ ಕಂತು ಜೂನ್ ಒಳಗೆ ಬರೋ ಹಂಗೆ ತಾರೀಖು ಹಾಕಿಸಿ, ಇಲ್ಲಾಂದ್ರೆ ಅವರ ಕಚೇರಿಯಲ್ಲಿ ಫೈಲ್ ತಿರುಗೋ ಅಷ್ಟರಲ್ಲಿ ಒಂದು ಮಳೆಗಾಲ ಕೈ ಬಿಟ್ಟು ಹೋಗುತ್ತೆ, ಮೂರು ವರ್ಷದ ಪ್ರಾಜೆಕ್ಟ್‌ನಲ್ಲಿ ಇರೋದೇ ಮೂರು ಮಳೆಗಾಲ.

ದುಡ್ಡು ಬಂದ ಮೇಲೆ

ಪ್ರತಿ ದಾನಿಗೆ ಬೇರೆ ಲೆಡ್ಜರ್. ಓದೋರ ಗೌರವಧನ ಬ್ಯಾಂಕ್ ಖಾತೆಗೇ ಹೋಗಲಿ, ದುಡ್ಡು ಹೇಳಿದ್ದಕ್ಕೇ ಖರ್ಚಾಗಿದೆ ಅಂತ ಸಿಎ ಬಳಕೆ ಪ್ರಮಾಣಪತ್ರ ಕೊಡೋವಾಗ ಅದೇ ಸುಲಭ. ಮೂರು ತಿಂಗಳಿಗೊಮ್ಮೆ ವರದಿ ಕೇಳಿದ್ರೆ ಎರಡು ಪುಟ ಸಾಕು, ಆದ್ರೆ ತಪ್ಪಿದ್ದನ್ನೂ ಬರೀರಿ. "ಆಗಸ್ಟ್‌ನಲ್ಲಿ 4ನೇ ಕೇಂದ್ರದಲ್ಲಿ ಆರು ದಿನ ಲೆಕ್ಕ ಇಲ್ಲ, ಸಂಕ (ಹಳ್ಳ ದಾಟೋ ಕಾಲುಸೇತುವೆ) ಕೊಚ್ಚಿಹೋಗಿತ್ತು" ಅಂತ ಬರೆದಿದ್ದಕ್ಕೆ ಒಬ್ಬ ದಾನಿ ಫೋನ್ ಮಾಡಿ ಬೇರೇನೂ ಕೇಳದೆ "ಸಂಕ ಮತ್ತೆ ಹಾಕಿದ್ರಾ?" ಅಂತ ಮಾತ್ರ ಕೇಳಿದ್ರು, ಮುಂದಿನ ವರ್ಷಾನೂ ಕೊಟ್ರು.

ಮುಂದಿನ ದಾನಿ ಹುಡುಕಾಟ ಎರಡನೇ ವರ್ಷದ ಮಧ್ಯದಲ್ಲೇ ಶುರು ಮಾಡಿ, ಮೂರನೇ ವರ್ಷ ಮುಗಿಯೋವರೆಗೆ ಕಾದ್ರೆ ನಡುವೆ ಆರು ತಿಂಗಳು ಖಾಲಿ ಬೀಳುತ್ತೆ. ಊರಿನೋರು ಕೊಟ್ಟ ಸಣ್ಣ ದುಡ್ಡನ್ನ ನಾವು ಬೇರೆ ಯಾವುದಕ್ಕೂ ಮುಟ್ಟಲ್ಲ, ಈ ಖಾಲಿ ತಿಂಗಳಿಗೆ ಅಂತಾನೇ ಇಟ್ಟಿರ್ತೀವಿ. ಹತ್ತು ಮಾಪಕಕ್ಕೆ ಆರು ತಿಂಗಳಿಗೆ ಒಂದು ಲಕ್ಷ ಎಂಬತ್ತು ಸಾವಿರ ಬೇಕು, ಹೋದ ವರ್ಷ ಅಷ್ಟು ಕೂಡಿರಲಿಲ್ಲ, ಏಳು ಮಾಪಕ ಮಾತ್ರ ಓದಿಸಿದ್ವಿ, ಉಳಿದ ಮೂರಕ್ಕೆ ಪುಸ್ತಕದಲ್ಲಿ ಸೊನ್ನೆ ಹಾಕ್ದೆ ಅಡ್ಡಗೆರೆ ಎಳೆದು ಪಕ್ಕದಲ್ಲಿ "ಓದಿಲ್ಲ" ಅಂತ ಬರೆದಿದೀವಿ.